ಹೊಲಿಗೆ ಹೊರಗಿರುವ ಅಂಗಿ

ಬಜೆಯ ವಾಸನೆ ನಿಮಗೂ ಗೊತ್ತಿರಬೇಕು. ಹಸುಗೂಸಿಗೆ ತೇದು ನೆಕ್ಕಿಸುತ್ತಾರಲ್ಲ, ಆ ಬೇರು. ಮೊದಲು ಮೂಗಿಗೆ ಖಾರವಾಗಿ ಬಡಿದು, ಆಮೇಲೆ ಹಳೆಯ ಮನೆಯ ಕೋಣೆಯ ಹಾಗೆ ತಣ್ಣಗಾಗುವ ವಾಸನೆ. ಈ ಬೇಸಿಗೆಯ ಒಂದು ಮಧ್ಯಾಹ್ನ ಸ್ಟೂಲು ಹತ್ತಿ, ಅಡುಗೆಮನೆಯ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಆ ವಾಸನೆ ಒಮ್ಮೆಲೇ ಮುಖಕ್ಕೆ ಬಂತು. ಸ್ಟೂಲಿನಿಂದ ಬೀಳಲಿಲ್ಲ ಎನ್ನುವುದೇ ಆ ದಿನದ ನನ್ನ ಸಾಧನೆ. ಅರವತ್ತು ದಾಟಿದ ಮೇಲೆ ಇಂಥವನ್ನೂ ಸಾಧನೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ.

ಅಟ್ಟಕ್ಕೆ ಕೈ ಹಾಕಿದ ಕಾರಣ ಇಷ್ಟೇ. ಮಗಳು ಸುಮಾ ಬಾಣಂತನಕ್ಕೆ ತುಮಕೂರಿಗೆ, ನಮ್ಮ ಮನೆಗೆ ಬಂದಿದ್ದಳು. ಅವಳ ಹೆಣ್ಣುಕೂಸಿಗೆ ಆಗ ಇಪ್ಪತ್ತು ದಿನ. ನಾನು ತಾತನಾದ ಉತ್ಸಾಹದಲ್ಲಿ ಅಂಗಡಿಯಿಂದ ಹೊತ್ತು ತಂದಿದ್ದ ಫ್ರಾಕುಗಳನ್ನು ತೊಡಿಸಿದಾಗಲೆಲ್ಲ ಕೂಸಿನ ಕಂಕುಳಲ್ಲಿ, ಕುತ್ತಿಗೆಯ ಹಿಂದೆ ಕೆಂಪು ಗೆರೆ ಏಳುತ್ತಿತ್ತು. ಡಾಕ್ಟರು ನೋಡಿ, "ಔಷಧಿ ಏನೂ ಬೇಡ, ಚೆನ್ನಾಗಿ ಒಗೆದ ಹಳೇ ಹತ್ತಿ ಬಟ್ಟೆ ಹಾಕಿ" ಅಂದರು. ಹಳೆಯ ಹತ್ತಿ ಬಟ್ಟೆ! ಮನೆಯಲ್ಲಿ ಮೂರು ಬೀರು ಇವೆ. ಮೂರನ್ನೂ ಜಾಲಾಡಿದರೂ ಹತ್ತಿಯದ್ದು ಹಳೆಯದಾಗಿರಲಿಲ್ಲ, ಹಳೆಯದಾದದ್ದು ಹತ್ತಿಯದಾಗಿರಲಿಲ್ಲ. ಕೊನೆಗೆ ಅಟ್ಟವೇ ಗತಿಯಾಯಿತು.

ಪೆಟ್ಟಿಗೆಯಲ್ಲಿ ಒಂದು ಬಿಳಿ ವಸ್ತ್ರದೊಳಗೆ ಬಜೆಯ ತುಂಡುಗಳ ಜೊತೆ ಸುತ್ತಿಟ್ಟಿದ್ದ ಪುಟ್ಟ ಅಂಗಿ ಸಿಕ್ಕಿತು. ಎರಡು ಅಂಗೈ ಸೇರಿಸಿದಷ್ಟೇ ಅಗಲ. ಬಿಳಿಯ ಹತ್ತಿ, ಈಗ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದೆ. ಗುಂಡಿಯಿಲ್ಲ, ಎದೆಯ ಮೇಲೆ ಒಂದರ ಮೇಲೊಂದು ಮಡಿಸಿ ಪಕ್ಕದಲ್ಲಿ ಕಟ್ಟಲು ಅದೇ ಬಟ್ಟೆಯ ಕಸೆಗಳು. ತೋಳಿನ ತುದಿಯಲ್ಲಿ ಸಣ್ಣದೊಂದು ಕಂದು ಅಂಚು. ಮತ್ತೆ, ಹೊಲಿಗೆಯೆಲ್ಲ ಹೊರಗಡೆ. ಒಳಗಿರಬೇಕಾದ ಮಡಿಕೆ, ದಾರ, ಎಲ್ಲವೂ ನೋಡುವವರ ಕಣ್ಣಿಗೆ ಕಾಣುವ ಹಾಗೆ ಹೊರಗೆ. ಅದನ್ನು ಕಂಡೊಡನೆ ನನಗೆ ಗುರುತು ಹತ್ತಿತು. ಕೆಳಗೆ ಇಳಿಯಲು ಮನಸ್ಸಾಗದೆ ಸ್ಟೂಲಿನ ಮೇಲೆಯೇ ನಿಂತೆ. ಆ ಅಂಗಿಯ ಹಿಂದೆ ನಾನು ಮಾಡಿದ ಘನಕಾರ್ಯವೊಂದಿದೆ. ಅದನ್ನು ಹೇಳುವ ಮೊದಲು ಗಂಗತ್ತೆಯನ್ನು ನಿಮಗೆ ಪರಿಚಯ ಮಾಡಿಕೊಡಬೇಕು.

ಗಂಗತ್ತೆ ನಮ್ಮಪ್ಪನ ತಂಗಿ. ನಮ್ಮದು ತುಮಕೂರಿನ ಹತ್ತಿರ ಕೋರ ಎಂಬ ಊರಿನಲ್ಲಿ ಹೊಲ ಮಾಡಿಕೊಂಡಿದ್ದ ಮನೆ. ಅವಳನ್ನು ಗುಬ್ಬಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವರ ಮನೆಗೆ ಕೊಟ್ಟಿದ್ದರು. ಬೇಸಿಗೆ ರಜೆ ಬಂತೆಂದರೆ ನನ್ನ ಬಿಡಾರ ಗುಬ್ಬಿಯಲ್ಲೇ. ಅತ್ತೆಯ ಹಣೆಯಲ್ಲಿ ಮೂರು ಎಳೆ ವಿಭೂತಿ, ಎಡಗೈ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. ಆ ಬೆರಳಿನಿಂದಲೇ ಅವಳು ನನ್ನ ಕೆನ್ನೆ ಹಿಂಡುತ್ತಿದ್ದದ್ದು. ಹಾಗಾಗಿ ಅದರ ಗಟ್ಟಿತನದ ಬಗ್ಗೆ ನಾನು ಅಧಿಕಾರದಿಂದ ಮಾತಾಡಬಲ್ಲೆ.

ಅವಳ ಮನೆಯಲ್ಲಿ ಹೊಲಿಗೆ ಯಂತ್ರ ಇರಲಿಲ್ಲ. ಬೇಕಿದ್ದರೆ ಕೊಳ್ಳುವ ಶಕ್ತಿ ಮಾವನಿಗೆ ಇತ್ತು, ಕೇಳಿಯೂ ಇದ್ದ. ಅತ್ತೆ ಒಪ್ಪಲಿಲ್ಲ. "ಮಷಿನ್ ಮುಂದೆ ಕೂತ್ಕೊಂಡ್ರೆ ಮನೆ ಕಡೆಗೆ ಬೆನ್ನಾಯ್ತದೆ ಕಣೋ" ಅನ್ನುತ್ತಿದ್ದಳು. ಅವಳ ಹೊಲಿಗೆಗೆ ಬೇರೆ ಹೊತ್ತು, ಬೇರೆ ಜಾಗ ಅಂತ ಇರಲಿಲ್ಲ. ಹಾಲು ಉಕ್ಕುವುದನ್ನು ಕಾಯುವಾಗ ನಾಲ್ಕು ಹೊಲಿಗೆ, ಜಗಲಿಯಲ್ಲಿ ಪಕ್ಕದ ಮನೆಯವರ ಸೊಸೆಯ ಸುದ್ದಿ ಕೇಳುವಾಗ ಎಂಟು ಹೊಲಿಗೆ. ಸುದ್ದಿ ರುಚಿಯಾಗಿದ್ದರೆ ಒಂದು ತೋಳೇ ಮುಗಿಯುತ್ತಿತ್ತು. ಕೆಲಸ ಕರೆದಾಗ ದಾರ ಸಮೇತ ಸೂಜಿಯನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿ ಏಳುತ್ತಿದ್ದಳು. ವರ್ಷದ ಕೊನೆಯ ಹೊತ್ತಿಗೆ ಆ ಕ್ಯಾಲೆಂಡರಿನಲ್ಲಿ ಹಬ್ಬ ಯಾವುದು, ತೂತು ಯಾವುದು ಅಂತ ಹುಡುಕಬೇಕಾಗುತ್ತಿತ್ತು.

ಆ ಮನೆಯಲ್ಲಿ ಬಟ್ಟೆಗೆ ಸಾವು ಅಂತ ಇರಲಿಲ್ಲ. ಅಂಚು ಸವೆದ ಸೀರೆ ಮಂಜುಳಳಿಗೆ ಲಂಗವಾಗುತ್ತಿತ್ತು. ಮಂಜುಳ ಅಂದರೆ ಅತ್ತೆಯ ಮಗಳು, ನನಗಿಂತ ಎಂಟು ವರ್ಷ ಚಿಕ್ಕವಳು. ಲಂಗ ಗಿಡ್ಡವಾದರೆ ದಿಂಬಿನ ಚೀಲ, ದಿಂಬಿನ ಚೀಲ ತೆಳ್ಳಗಾದರೆ ಕೂಸುಗಳಿಗೆ ಹಾಸುವ ಬಟ್ಟೆ, ಆಮೇಲೆ ಒಲೆ ಒರೆಸುವ ಮಸಿಬಟ್ಟೆ. ನನ್ನ ಶರಟಿನ ಕಾಲರು ಸವೆದರೆ ಬಿಚ್ಚಿ, ತಿರುಗಿಸಿ, ಹೊಸದರ ಹಾಗೆ ಕೂರಿಸಿಬಿಡುವಳು. ಚಡ್ಡಿಯ ಹಿಂಬದಿ ಹರಿದರೆ ತೇಪೆಯನ್ನು ಸುಮ್ಮನೆ ಚೌಕವಾಗಿ ಹಚ್ಚುತ್ತಿರಲಿಲ್ಲ. ಅರಳಿ ಎಲೆಯ ಆಕಾರದಲ್ಲಿ ಕತ್ತರಿಸಿ, ನಡುವೆ ಎಲೆಯ ನರದ ಹಾಗೆ ದಾರದ ಗೆರೆ ಎಳೆಯುತ್ತಿದ್ದಳು. ನಾನು ಕೂರುವ ಜಾಗಕ್ಕೆ ಇಷ್ಟೊಂದು ಕಲೆ ಯಾಕೆ ಅಂತ ಮಾವ ರೇಗಿಸಿದರೆ, "ಹಿಂದ್ಲಿಂದ ನೋಡೋರ್ಗೂ ಕಣ್ಣಿರ್ತಾವಲ್ಲ" ಅನ್ನುವಳು. ಕೋರದ ಸ್ಕೂಲಿನಲ್ಲಿ ಎರಡು ಎಲೆ ಹೊತ್ತು ತಿರುಗಿದ ಏಕೈಕ ವಿದ್ಯಾರ್ಥಿ ನಾನು. ಆಗ ಅದು ನನಗೆ ಹೆಮ್ಮೆಯಾಗಿತ್ತು ಅಂದರೆ ನಂಬುತ್ತೀರಾ? ನಿಜವಾಗಿಯೂ ಆಗಿತ್ತು. ನಾಚಿಕೆಯನ್ನು ನಾನು ಕಲಿತದ್ದು ಆಮೇಲೆ, ಓದು ಹೆಚ್ಚಾದ ಮೇಲೆ.

ಓದಿ ನಾನು ಆದದ್ದು ಗಣಿತದ ಮೇಷ್ಟ್ರು. ಮೂವತ್ತೈದು ವರ್ಷ ಕೆಂಪು ಶಾಯಿಯ ಪೆನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದವನಿಗೆ ಲೋಕವೆಲ್ಲ ಉತ್ತರಪತ್ರಿಕೆಯ ಹಾಗೆಯೇ ಕಾಣುತ್ತದೆ. ಮದುವೆಯ ಆಮಂತ್ರಣ ಪತ್ರಿಕೆ ಕೈಗೆ ಬಂದರೆ ವಧೂವರರ ಹೆಸರಿಗಿಂತ ಮೊದಲು ನನಗೆ ಕಾಣುವುದು ಬಿಟ್ಟುಹೋದ ಒತ್ತಕ್ಷರ. ಹೋಟೆಲಿನಲ್ಲಿ ದೋಸೆ ಪೂರ್ತಿ ವೃತ್ತವಾಗಿಲ್ಲ ಅಂತ ಒಂದು ಸಲ ಹೇಳಿ, ಹೆಂಡತಿ ಸರೋಜಳಿಂದ ಮೇಜಿನ ಕೆಳಗೆ ತುಳಿಸಿಕೊಂಡಿದ್ದೇನೆ. ಇದು ರೋಗ ಅಂತ ಗೊತ್ತಾಗುವುದಕ್ಕೆ ನನಗೆ ನಿವೃತ್ತಿಯೇ ಆಗಬೇಕಾಯಿತು. ಆಗ ಮಾತ್ರ ಅದನ್ನು ಬುದ್ಧಿವಂತಿಕೆ ಅಂದುಕೊಂಡಿದ್ದೆ.

ಸುಮಾ ಹುಟ್ಟಿದ್ದು ಆ ಬುದ್ಧಿವಂತಿಕೆಯ ಕಾಲದಲ್ಲಿ, ಮೂವತ್ತು ವರ್ಷದ ಹಿಂದೆ. ಆ ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದರು. ತುಮಕೂರಿನ ಬಾಡಿಗೆ ಮನೆಯಲ್ಲಿ ನಾಮಕರಣ. ನಮ್ಮ ಹೆಡ್ ಮಾಸ್ಟರು ಬಂದಿದ್ದರು, ಜೊತೆಗೆ ಆರೇಳು ಜನ ಸಹೋದ್ಯೋಗಿಗಳು. ಆ ಸ್ಕೂಲಿಗೆ ನಾನು ಆಗಷ್ಟೇ ವರ್ಗವಾಗಿ ಬಂದ ಹೊಸ ಮೇಷ್ಟ್ರು. ಅವರ ಕಣ್ಣಿಗೆ ನಮ್ಮ ಮನೆ ಹೇಗೆ ಕಾಣುತ್ತದೋ ಎಂಬ ತಳಮಳದಲ್ಲಿ ಬೆಳಗಿನಿಂದ ಕುರ್ಚಿಗಳನ್ನು ಮೂರು ಸಲ ಜೋಡಿಸಿದ್ದೆ. ಕೂಸಿಗೆ ಪಟ್ಟಣದ ಅಂಗಡಿಯಿಂದ ಲೇಸು ಹಚ್ಚಿದ ಗುಲಾಬಿ ಫ್ರಾಕು ತಂದಿದ್ದೆ. ಅಷ್ಟರಲ್ಲಿ ಗುಬ್ಬಿಯಿಂದ ಬಸ್ಸಿಳಿದು ಬಂದ ಗಂಗತ್ತೆ, ಎಲ್ಲರ ನಡುವೆ ಕೂತು, ಕೈಚೀಲದಿಂದ ಈ ಅಂಗಿಯನ್ನು ತೆಗೆದಳು.

"ಸರೋಜ, ಕೂಸಿಗೆ ಮೊದ್ಲು ಇದನ್ ಹಾಕವ್ವ" ಅಂದಳು.

ನಾನು ಅಂಗಿಯನ್ನು ಇಸಿದುಕೊಂಡು ನೋಡಿದೆ. ಕಣ್ಣಿಗೆ ತಪ್ಪು ಬಿತ್ತು. ತಪ್ಪು ಕಂಡಮೇಲೆ ಬಾಯಿ ನಿಲ್ಲುತ್ತದೆಯೇ? "ಏನತ್ತೆ ಇದು, ಹೊಲಿಗೆ ಎಲ್ಲಾ ಹೊರಗಡೆ ಬಂದಿದೆ! ಉಲ್ಟಾ ಹೊಲಿದುಬಿಟ್ಟಿದೀಯಲ್ಲ" ಅಂದೆ, ಎಲ್ಲರಿಗೂ ಕೇಳುವ ಹಾಗೆ, ಅಂಗಿಯನ್ನು ಎತ್ತಿ ಹಿಡಿದು. ಬೋರ್ಡಿನ ಮುಂದೆ ದಡ್ಡ ಹುಡುಗನ ಪತ್ರಿಕೆ ಎತ್ತಿ ಹಿಡಿಯುತ್ತಿದ್ದದ್ದೂ ಹೀಗೆಯೇ. ಹೆಡ್ ಮಾಸ್ಟರು ನಕ್ಕರು. ಅವರು ನಕ್ಕಮೇಲೆ ಉಳಿದವರಿಗೂ ನಗದೆ ವಿಧಿಯಿರಲಿಲ್ಲ.

ಗಂಗತ್ತೆ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಹೆಡ್ ಮಾಸ್ಟರ ಮುಖ ನೋಡಿದಳು. ಆಮೇಲೆ ಅವಳೂ ನಕ್ಕಳು. "ಹೌದೇನ್ಲಾ ಮಗ? ವಯಸ್ಸಾಯ್ತಲ್ಲ, ಕಣ್ಣು ಕಾಣಕಿಲ್ಲ ಬುಡು."

ಅವಳಿಗೆ ಆಗ ಐವತ್ತೆರಡು. ಅಕ್ಕಿಯಲ್ಲಿ ಬೆರೆತ ಬಿಳಿಯ ಕಲ್ಲನ್ನು ಜಗಲಿಯಲ್ಲಿ ಕೂತೇ ಗುರುತಿಸುತ್ತಿದ್ದ ಕಣ್ಣು ಅದು. ಸರೋಜ ಮೆಲ್ಲಗೆ "ಹಾಕ್ಲಾ?" ಅಂತ ನನ್ನನ್ನು ಕೇಳಿದಳು. "ಬೇಡ, ನೋಡಿದೋರು ನಗ್ತಾರೆ" ಅಂದೆ. ಕೂಸು ಗುಲಾಬಿ ಫ್ರಾಕು ತೊಟ್ಟು ನಾಮಕರಣ ಮುಗಿಸಿಕೊಂಡಿತು. ಮುಗಿಯುವ ತನಕ ಒಂದೇ ಸಮನೆ ಅತ್ತಿತು. ಹಸಿವಿರಬೇಕು ಅಂದುಕೊಂಡೆವು.

ಇಷ್ಟೆಲ್ಲ ಸ್ಟೂಲಿನ ಮೇಲೆ ನಿಂತ ನನಗೆ ನೆನಪಾಯಿತು. ನೆನಪಿನ ಜೊತೆಗೆ ಇನ್ನೊಂದು ಸಂಗತಿಯೂ ಹೊಳೆಯಿತು, ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೊಳೆಯದಿದ್ದದ್ದು. ಆ ನಾಮಕರಣದ ಮೇಲೂ ಗಂಗತ್ತೆ ನಮ್ಮ ಮನೆಗೆ ಎಷ್ಟೋ ಸಲ ಬಂದಿದ್ದಾಳೆ. ಚಕ್ಕುಲಿ ತಂದಿದ್ದಾಳೆ, ಹುರಿಟ್ಟು ತಂದಿದ್ದಾಳೆ, ಬಾಳೆಹಣ್ಣಿನ ಗೊನೆ ತಂದಿದ್ದಾಳೆ. ಅವಳ ಕೈಯಿಂದ ಹೊಲಿದ ಒಂದೇ ಒಂದು ವಸ್ತುವನ್ನು ಮಾತ್ರ ತಂದಿಲ್ಲ. ಕಂಡಕಂಡವರ ಮನೆಯ ಕೂಸುಗಳಿಗೆಲ್ಲ ಹೊಲಿದುಕೊಟ್ಟವಳು, ಅಣ್ಣನ ಮಗನ ಮನೆಗೆ ಒಂದು ಕರವಸ್ತ್ರವನ್ನೂ ತರಲಿಲ್ಲ. ಒತ್ತಕ್ಷರ ಬಿಟ್ಟುಹೋದರೆ ಮೈಲಿ ದೂರದಿಂದ ಕಾಣುವ ನನಗೆ ಇದು ಕಾಣಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು.

ಅಂಗಿಯನ್ನು ಕೆಳಗೆ ತಂದಾಗ ಸರೋಜ ಆಶ್ಚರ್ಯಪಡಲಿಲ್ಲ. "ಎರಡು ವರ್ಷಕ್ಕೊಂದ್ಸಲ ನಾನೇ ಬಜೆ ಬದಲಾಯಿಸಿ ಇಡ್ತಿದ್ದೆ" ಅಂದಳು. "ನೀವೇ ಬೇಡ ಅಂದಿದ್ರಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ." ಒಗೆದು, ಬಿಸಿಲಿಗೆ ಹಾಕಿ, ಸಂಜೆ ಸುಮಾ ಅದನ್ನು ಕೂಸಿಗೆ ತೊಡಿಸಿದಳು. ನಾನು ಪಕ್ಕದಲ್ಲೇ ನಿಂತು, "ತಿರುಗಿಸಿ ಹಾಕಮ್ಮಾ, ಹೊಲಿಗೆ ಒಳಗೆ ಹೋಗುತ್ತೆ" ಅಂದೆ. ಮೂವತ್ತು ವರ್ಷದಲ್ಲಿ ನನ್ನ ಬುದ್ಧಿ ಎಷ್ಟು ಬೆಳೆದಿತ್ತು ನೋಡಿ. ಬಾಣಂತಿಯ ಸುಸ್ತಿನಲ್ಲಿದ್ದ ಸುಮಾ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಇದ್ದ ಹಾಗೆಯೇ ಹಾಕಿಬಿಟ್ಟಳು. ಕೂಸು ಅಂದು ಅಳದೆ ಮಲಗಿತು. ಮೂರನೆಯ ದಿನಕ್ಕೆ ಕೆಂಪು ಗೆರೆ ಮಾಯವಾಗುತ್ತ ಬಂತು.

ಆದರೆ ಹಸುಗೂಸಿಗೆ ಒಂದೇ ಅಂಗಿ ಸಾಕಾಗುತ್ತದೆಯೇ? ಗಂಟೆಗೊಂದು ಸಲ ಒದ್ದೆ ಮಾಡುವ ಕೂಸು ಅದು. ಅಂಗಿ ಒಣಗುವ ತನಕ ಮನೆಯಲ್ಲಿ ನಾವು ಮೂವರೂ ಬಿಸಿಲನ್ನೇ ನೋಡುತ್ತ ಕೂರುವಂತಾಯಿತು. ಹೀಗೆಯೇ ಇನ್ನು ನಾಲ್ಕು ಹೊಲಿಸಿಕೊಂಡು ಬರುತ್ತೇನೆಂದು ನಾನು ಅಂಗಿಯನ್ನು ಜೇಬಿನಲ್ಲಿಟ್ಟುಕೊಂಡು ಊರೊಳಗಿನ ಶಿರಾ ಗೇಟಿಗೆ ಹೋದೆ. ಅಲ್ಲಿ ಇಮ್ತಿಯಾಜ್ ಸಾಹೇಬರ ಟೈಲರ್ ಅಂಗಡಿಯಿದೆ. ಒಂದು ಕಾಲದಲ್ಲಿ ನನ್ನ ಶರಟು ಪ್ಯಾಂಟುಗಳನ್ನೆಲ್ಲ ಹೊಲಿದವರು. ಈಗ ಬೋರ್ಡಿನಲ್ಲಿ 'ಆಲ್ಟರೇಷನ್ ಮಾಡಲಾಗುವುದು' ಅಂತ ಇದೆ. ಹುಡುಗರ ಜೀನ್ಸುಗಳನ್ನು ಗಿಡ್ಡ ಮಾಡುವುದೇ ಮುಖ್ಯ ಕೆಲಸ.

ಅವರು ಅಂಗಿಯನ್ನು ಅಂಗೈ ಮೇಲೆ ಹರಡಿಕೊಂಡು, ಕನ್ನಡಕ ಹಣೆಗೆ ಏರಿಸಿ, ಹೊಲಿಗೆಯನ್ನು ಉಗುರಿನ ತುದಿಯಿಂದ ಮುಟ್ಟುತ್ತ ಹೋದರು. ಹಿಂದೆ ನಿಂತ ಆಟೋದ ಹಾರನ್ನೂ ಅವರಿಗೆ ಕೇಳಲಿಲ್ಲ.

"ಯಾರ್ ಹೊಲ್ದಿದ್ದು ಮೇಷ್ಟ್ರೇ ಇದು?"

"ನಮ್ಮತ್ತೆ. ಉಲ್ಟಾ ಹೊಲಿದುಬಿಟ್ಟಿದಾರೆ, ನೀವು ಸರಿಯಾಗಿ ಹೊಲೀರಿ."

ಸಾಹೇಬರು ಕನ್ನಡಕವನ್ನು ಮೂಗಿಗೆ ಇಳಿಸಿ ನನ್ನನ್ನು ನೋಡಿದರು. ಪಾಠ ಒಪ್ಪಿಸದ ಹುಡುಗನನ್ನು ನಾನು ನೋಡುತ್ತಿದ್ದ ಹಾಗೆಯೇ. "ಉಲ್ಟಾ ಅಲ್ಲ ಸಾರ್. ಇದೇ ಸೀದಾ. ಹೊಲಿಗೆ ಒಳಗಿದ್ರೆ ಹಸಿ ಮೈಗೆ ಉಜ್ಜುತ್ತೆ, ಅದಕ್ಕೇ ಹೊರಗಡೆ ಇಡ್ತಾರೆ. ನಮ್ಮ ಅಮ್ಮೀನೂ ಹಿಂಗೇ ಹೊಲೀತಿದ್ರು, ನಮ್ಮ ಮನೇಲಿ ಎಲ್ಲಾ ಮಕ್ಕಳಿಗೂ." ಅಂಗಿಯ ಒಳಭಾಗ ತಿರುಗಿಸಿ ತೋರಿಸಿದರು. "ಕೈ ಹಾಕಿ ನೋಡಿ. ಒಂದು ಗಂಟು ಸಿಗುತ್ತಾ? ದಾರದ ಗಂಟೂ ಹಾಕಿಲ್ಲ ಅವರು."

ನಾನು ಕೈ ಹಾಕಿ ನೋಡಿದೆ. ಒಳಗೆ ಏನೂ ತಗುಲಲಿಲ್ಲ; ಬರೀ ಬಟ್ಟೆ. ಹೆಡ್ ಮಾಸ್ಟರ ನಗು, ಉಳಿದವರ ನಗು, ಗಂಗತ್ತೆಯ ನಗು, ಒಂದೊಂದಾಗಿ ಕಿವಿಗೆ ಬಂದವು. ಮಾತು ಬದಲಿಸಲು, "ಹಾಗಾದ್ರೆ ಹೀಗೇ ಒಂದ್ ನಾಲ್ಕು ಹೊಲಿದುಕೊಡಿ" ಅಂದೆ.

"ನಾನು ಮಷಿನ್‌ನಲ್ಲಿ ಹೊಲೀಬಹುದು. ಈ ಮೆತ್ತಗೆ ಬರಲ್ಲ, ಕೈ ಹೊಲಿಗೆನೇ ಬೇಕು. ಹೊಲಿದೋರು ಇದ್ದಾರಾ ಸಾರ್?"

"ಇದ್ದಾರೆ. ಕುಣಿಗಲ್‌ನಲ್ಲಿ, ಮಗಳ ಮನೇಲಿ."

"ಇದ್ದಾರಾ?" ಸಾಹೇಬರು ಅಂಗಿಯನ್ನು ಮಡಿಸಿ ನನ್ನ ಕೈಗಿಟ್ಟರು. "ಮತ್ತೆ ಇಲ್ಲಿ ಯಾಕ್ ನಿಂತಿದೀರ?"

ಮಾರನೆಯ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿದೆ. ಒಂದು ದಿನ ಉಳಿಯುವ ಲೆಕ್ಕದಲ್ಲಿ ಕೈಚೀಲದೊಳಗೆ ಒಂದು ಲುಂಗಿ, ಟವೆಲು, ಮತ್ತೆ ಅಂಗಡಿಯಲ್ಲಿ ಕೊಂಡ ಎರಡು ಮೀಟರ್ ಹೊಸ ಹತ್ತಿ ಬಟ್ಟೆ. ದಾರಿಯುದ್ದಕ್ಕೂ ಅತ್ತೆಯ ಮುಂದೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದು ಅಳಿಸಿದೆ. 'ಅತ್ತೆ, ಅವತ್ತು ನನ್ನಿಂದ ತಪ್ಪಾಯಿತು' ಅಂತ ನೇರವಾಗಿ ಹೇಳಬೇಕು. ಎರಡನೆಯ ಸಾಲು ಸಿಗಲಿಲ್ಲ. ಕುಣಿಗಲ್ ಕೆರೆಯ ನೀರು ಕಿಟಕಿಯಲ್ಲಿ ಕಂಡಾಗಲೂ ನಾನು ಮೊದಲನೆಯ ಸಾಲಿನಲ್ಲೇ ಇದ್ದೆ. ಎಂಬತ್ತೆರಡರ ಅತ್ತೆಗೆ ಅದು ನೆನಪಿದೆಯೋ ಇಲ್ಲವೋ, ನೆನಪಿಲ್ಲದಿದ್ದರೆ ನೆನಪಿಸಿ ನೋಯಿಸಬೇಕೋ ಎಂಬ ಯೋಚನೆ ಬೇರೆ. ಹೇಳದೆ ಹಿಂದಿರುಗಿದರೆ ಮತ್ತೆ ಯಾವಾಗ ಹೇಳುವುದು ಎಂಬ ಭಯವೂ ಇತ್ತು.

ಮಂಜುಳ ತಾಲ್ಲೂಕು ಕಚೇರಿಗೆ ಕೆಲಸಕ್ಕೆ ಹೊರಟು ನಿಂತಿದ್ದಳು. "ಬಾ ಭಾವ, ಅಮ್ಮಂಗೆ ಮಾತಾಡೋಕೆ ಯಾರಾದ್ರೂ ಬೇಕಿತ್ತು" ಅಂದು, ಕಾಫಿ ಕೊಟ್ಟು ಹೋದಳು. ಗಂಗತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹುಣಸೇಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎರಡು ಕಣ್ಣಿಗೂ ಮಂಜು ಕವಿದಿದೆ. ನೆರಳು ಬೆಳಕು ಬಿಟ್ಟರೆ ಏನೂ ಕಾಣದು. ಆದರೂ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೇ, "ಏನ್ಲಾ ಮಗ, ತಾತ ಆದ್ಮೇಲೂ ಕಾಲು ಎಳೆದ್ಕೊಂಡೇ ನಡೀತೀಯಲ್ಲ" ಅಂದಳು.

ಬಸ್ಸಿನಲ್ಲಿ ಬರೆದ ಒಂದೇ ಸಾಲೂ ಮರೆತುಹೋಯಿತು. ಸುಮ್ಮನೆ ಅಂಗಿಯನ್ನು ಅವಳ ಕೈಗಿಟ್ಟೆ. ಅವಳು ಹುಣಸೆ ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅಂಗಿಯ ತೋಳು ಹಿಡಿದು, ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ತುಂಬ ಹೊತ್ತು ಸವರಿದಳು.

"ಅಣ್ಣನ ಪಂಚೆ" ಅಂದಳು.

"ಯಾರ ಪಂಚೆ?"

"ನಿಮ್ಮಪ್ಪಂದು ಕಣ್ಲಾ. ನಿನ್ ಮದ್ವೆ ಆದ್ ವರ್ಷವೇ ಕೊಟ್ಟಿದ್ದ. 'ಗಂಗಾ, ಇದು ಚೆನ್ನಾಗ್ ಒಗ್ದು ಒಗ್ದು ಮೆತ್ತಗಾಗೈತೆ, ಮೊಮ್ಮಗು ಬಂದ್ರೆ ಅಂಗಿಗ್ ಆಯ್ತದೆ, ಇಟ್ಕೊ' ಅಂದ. ಕೂಸು ನೋಡಕೆ ಅವನೇ ಇರ್ಲಿಲ್ಲ."

ನಮ್ಮ ಕಡೆ ಹಸುಗೂಸಿನ ಮೈಗೆ ಮೊದಲು ಹೊಸ ಬಟ್ಟೆ ತಾಗಿಸುವುದಿಲ್ಲ. ಮನೆಯ ಹಿರಿಯರು ಉಟ್ಟು ಮೆತ್ತಗಾದದ್ದನ್ನೇ ಹಾಕುತ್ತಾರೆ. ಅದು ನನಗೆ ಗೊತ್ತಿತ್ತು, ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ ಅಷ್ಟೇ. ಅಪ್ಪ ತಾನು ಉಟ್ಟ ಬಟ್ಟೆಯನ್ನು ಮೊಮ್ಮಗಳಿಗೆ ಎತ್ತಿಡಲು ಹೇಳಿ ಹೋಗಿದ್ದರು ಎನ್ನುವುದು ಗೊತ್ತಿರಲಿಲ್ಲ. ನಾನು ಅಂದು ಎತ್ತಿ ಹಿಡಿದು ಎಲ್ಲರನ್ನೂ ನಗಿಸಿದ್ದು ಅದೇ ಬಟ್ಟೆಯನ್ನು ತೋರಿಸಿ. ನನ್ನ ಕಣ್ಣು ತುಂಬಿಕೊಂಡಿತು. ಅತ್ತೆಗೆ ಕಾಣುವುದಿಲ್ಲವಲ್ಲ ಎಂದು ಧೈರ್ಯವಾಗಿ ಅತ್ತುಬಿಟ್ಟೆ. ಆದರೆ ಧ್ವನಿ ಕೊಟ್ಟಕೂಡಲೇ ಸಿಕ್ಕಿಬಿದ್ದೆ.

"ಅತ್ತೆ, ಅವತ್ತು ನಾನು ಎಲ್ಲಾರ ಮುಂದೆ..."

"ಯಾವತ್ತು?" ಅಂದಳು. ಆಮೇಲೆ ತಾನೇ, "ಅದಾ! ಬುಡು ಅತ್ಲಾಗೆ" ಅಂದಳು.

"ಉಲ್ಟಾ ಅಲ್ಲ, ಅದೇ ಸರಿ ಅಂತ ನೀನ್ ಅವತ್ತೇ ಯಾಕ್ ಹೇಳ್ಲಿಲ್ಲ?"

"ನಿಮ್ ಹೆಡ್ ಮಾಸ್ತ್ರು ಕೂತಿದ್ರಲ್ಲೋ. ಅವ್ರ ಮುಂದೆ ನಿಂಗೆ ಪಾಠ ಹೇಳಕಾಯ್ತದಾ? ಹೊಸ ಜಾಗ ನಿಂಗೆ. ನಾಳೆ ಇಸ್ಕೂಲಲ್ಲಿ ನಿನ್ನೇ ಆಡ್ಕೊಂಡ್ ನಗೋರು."

"ಆಮೇಲೆ ನಮ್ಮ ಮನೆಗೆ ಏನೂ ಹೊಲಿದು ತರ್ಲಿಲ್ಲ ನೀನು."

ಅವಳು ಹುಣಸೆಬೀಜವೊಂದನ್ನು ಬಟ್ಟಲಿಗೆ ಹಾಕಿದಳು. "ತಂದ್ರೆ ಸರೋಜ ಪೇಚಿಗ್ ಸಿಕ್ಕೊಳ್ತಿದ್ಲು. ನಿನ್ ಮಾತ್ ಕೇಳ್ಬೇಕಾ, ನನ್ ಮಾತ್ ಕೇಳ್ಬೇಕಾ ಅಂತ." ಇನ್ನೊಂದು ಬೀಜ ಬಿಡಿಸಿ, "ನಂಗೂ ಒಸಿ ಬ್ಯಾಸರ ಆಗಿತ್ತು, ಇಲ್ಲ ಅಂತಲ್ಲ" ಅಂದಳು.

ಅವಳು ಆ ಕೊನೆಯ ಮಾತನ್ನು ಹೇಳಿದ್ದರಿಂದ ನನಗೆ ಸಮಾಧಾನವಾಯಿತು. ಎಲ್ಲವನ್ನೂ ಬುಡು ಅಂದುಬಿಟ್ಟಿದ್ದರೆ ನಾನು ಅದನ್ನು ಹೊತ್ತುಕೊಂಡೇ ಬಸ್ಸು ಹತ್ತಬೇಕಾಗಿತ್ತು. ಅವಳ ಕಾಲು ಮುಟ್ಟಿದೆ. "ಥೂ, ಹುಣಸೆಹಣ್ಣು ತುಳೀತೀಯ" ಅಂತ ಬೈದಳು.

ಕೂಸಿನ ವಿಷಯ ಹೇಳಿ ಹೊಸ ಬಟ್ಟೆಯನ್ನು ಮುಂದಿಟ್ಟೆ. ಅದನ್ನು ಮುಟ್ಟಿದ್ದೇ ಪಕ್ಕಕ್ಕೆ ತಳ್ಳಿದಳು. "ಗಂಜಿ ಐತೆ ಇದ್ರಲ್ಲಿ, ಕಾಗದ ಇದ್ದಂಗೈತೆ. ನಿಂದ್ ಹಳೇ ಪಂಚೆ ಇಲ್ವೇನ್ಲಾ?" "ನಾನು ಪ್ಯಾಂಟಿನವನು ಅತ್ತೆ" ಅಂದೆ. ಅವಳು ನನ್ನ ಕೈಚೀಲಕ್ಕೆ ಕೈ ಹಾಕಿ ತಡಕಾಡಿ ಲುಂಗಿ ಹೊರಗೆಳೆದಳು. ಏಳೆಂಟು ವರ್ಷ ಒಗೆಸಿಕೊಂಡ ನೀಲಿ ಚೌಕುಳಿಯ ಹತ್ತಿ ಲುಂಗಿ; ಮೂರು ಬೀರು ಜಾಲಾಡಿದಾಗ ನನ್ನ ಮೈಮೇಲೇ ಇದ್ದ ಇದು ಲೆಕ್ಕಕ್ಕೆ ಬಂದಿರಲಿಲ್ಲ. ಕೆನ್ನೆಗೆ ಒತ್ತಿ ನೋಡಿದಳು. "ಇದು. ಇದಾಯ್ತದೆ."

"ಅತ್ತೆ, ಅದು ಉಟ್ಕೊಳೋಕೆ ತಂದಿರೋದು!"

"ಪ್ಯಾಂಟಲ್ಲೇ ಇರು. ತಾತ ಆಗಿದೀಯ, ಬಟ್ಟೆ ಕೊಡಾಕಾಗಲ್ವಾ?"

ಅತ್ತೆಗೆ ಕಣ್ಣಿಲ್ಲ, ನನಗೆ ಕೈಯಿಲ್ಲ. ಇಬ್ಬರೂ ಸೇರಿದರೆ ಒಬ್ಬ ದರ್ಜಿ ಅಂತ ಅವಳೇ ತೀರ್ಮಾನಿಸಿದಳು. ಲುಂಗಿಯ ಅಂಚಿಗೆ ಕತ್ತರಿಯ ಒಂದು ಕಚ್ಚು ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ಚರ್ರನೆ ಹರಿದಳು. ನೂಲಿನ ದಾರಿ ಹಿಡಿದು ಬಟ್ಟೆ ಕೂದಲೆಳೆಯಷ್ಟೂ ಓರೆಯಾಗದೆ ಸೀಳಿತು. ಮೂವತ್ತೈದು ವರ್ಷ ಮರದ ಸ್ಕೇಲಿಟ್ಟು ಸರಳರೇಖೆ ಎಳೆದವನು ನಾನು. ಸ್ಕೇಲು ಬಟ್ಟೆಯೊಳಗೇ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಳತೆಗೆ ಟೇಪು ಬೇಕಾಗಲಿಲ್ಲ. ಉದ್ದಕ್ಕೆ ಒಂದು ಗೇಣು ನಾಲ್ಕು ಬೆರಳು, "ಎರಡ್ ಬೆರಳು ಜಾಸ್ತಿ ಇರ್ಲಿ, ಕೂಸು ಬೆಳೀತದೆ." ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮೂಲೆಗೆ ಲೋಟದ ಬಾಯಿ ಒತ್ತಿ, ಕಾಲು ವೃತ್ತ ಕತ್ತರಿಸು ಅಂದಳು. ಬಿಡಿಸಿದರೆ ಕುತ್ತಿಗೆ. ಇದನ್ನು ನಾನು ಹತ್ತನೆಯ ತರಗತಿಗೆ ಎರಡು ವಾರ ಪಾಠ ಮಾಡುತ್ತಿದ್ದೆ.

ಹೊಲಿಗೆ ಶುರುವಾಯಿತು. ಸೂಜಿ ಪೋಣಿಸಲು ನನಗೆ ಹತ್ತು ನಿಮಿಷ. ಚೌಕುಳಿಯ ಬಟ್ಟೆ, ಅಂದರೆ ಗ್ರಾಫ್ ಕಾಗದದ ಹಾಗೆ ಗೆರೆ ಎಳೆದೇ ಇದೆ. ಆದರೂ ನನ್ನ ಹೊಲಿಗೆ ಕುಡಿದವನ ಹಾಗೆ ಗೆರೆಯ ಆಚೆ ಈಚೆ ಓಡಾಡಿತು. ಒಂದು ಬದಿ ಮುಗಿಸಿ ಅವಳ ಕೈಗೆ ಕೊಟ್ಟೆ. ಗಟ್ಟಿಯಾದ ಆ ತೋರುಬೆರಳಿನಿಂದ ಉದ್ದಕ್ಕೂ ಸವರಿಕೊಂಡು ಹೋದವಳು ತುದಿಯಲ್ಲಿ ನಿಂತಳು.

"ಇಲ್ಲೊಂದ್ ಗಂಟೈತೆ."

"ದಾರ ಬಿಚ್ಚಿಕೊಳ್ಳದೇ ಇರಲಿ ಅಂತ..."

"ಕೂಸು ಇದ್ರ ಮೇಲೆ ಮಲ್ಗಿದ್ರೆ ರಾಗಿಕಾಳ್ ಮೇಲೆ ಮಲ್ಗಿದಂಗಾಯ್ತದೆ. ಬಿಚ್ಚು. ಬಂದ್ ದಾರಿಲೇ ಮೂರ್ ಹೊಲಿಗೆ ವಾಪಸ್ ಹಾಕಿ ಬುಟ್ಬುಡು, ಎಲ್ಲೂ ಹೋಗಕಿಲ್ಲ."

ಬಿಚ್ಚಿದೆ. ಮತ್ತೆ ಹೊಲಿದೆ. ನನ್ನ ಹೊಲಿಗೆಯೆಲ್ಲ ಹೊರಗೇ ಕಾಣುತ್ತದಲ್ಲ, ನೋಡಿದವರು ಏನಂದಾರು ಅಂತ ಗೊಣಗಿದೆ. ಗಂಗತ್ತೆ ಹುಣಸೆಹಣ್ಣಿನಿಂದ ತಲೆ ಎತ್ತದೆ ಹೇಳಿದಳು: "ನೋಡೋರ ಕಣ್ಣಿಗ್ ಚುಚ್ಚುದ್ರೆ ಚುಚ್ಚಲಿ. ಕೂಸಿನ ಮೈಗ್ ಚುಚ್ಬಾರ್ದು."

ಮಾರನೆಯ ದಿನ, ರಾತ್ರಿಯೆಲ್ಲ ಉಟ್ಟೇ ಮಲಗಿ ಮುದುರಿದ ಪ್ಯಾಂಟಿನಲ್ಲೇ, ಚೀಲದಲ್ಲಿ ಎರಡು ಅಂಗಿ ಮತ್ತು ಅರ್ಧ ಲುಂಗಿಯೊಂದಿಗೆ ತುಮಕೂರಿಗೆ ಬಂದೆ. ಉಳಿದ ಅರ್ಧದಲ್ಲಿ ನಾನೊಬ್ಬನೇ ಮನೆಯಲ್ಲಿ ಕೂತು ಇನ್ನೆರಡು ಹೊಲಿದೆ. ಸೂಜಿಯನ್ನು ಕ್ಯಾಲೆಂಡರಿಗೆ ಚುಚ್ಚುವ ಅಭ್ಯಾಸ ಯಾವಾಗ ಶುರುವಾಯಿತೋ ತಿಳಿಯದು. ಈಗ ನಮ್ಮ ಮನೆಯ ಕ್ಯಾಲೆಂಡರಿನಲ್ಲೂ ತೂತು ಬಿದ್ದಿವೆ. ಹಾಲು ಉಕ್ಕದಂತೆ ಕಾಯುವ ಕೆಲಸವನ್ನು ಸರೋಜ ಖಾಯಂ ಆಗಿ ನನಗೆ ವಹಿಸಿದ್ದಾಳೆ. ಎರಡು ಸಲ ಉಕ್ಕಿಸಿದ್ದೇನೆ.

ಮೊನ್ನೆ ಭಾನುವಾರ ಕೂಸಿನ ನಾಮಕರಣವಾಯಿತು. ಕುಣಿಗಲ್‌ನಿಂದ ಮಂಜುಳಳ ಕೈ ಹಿಡಿದು ಗಂಗತ್ತೆಯೂ ಬಂದಳು. ಅವಳ ಕೈಚೀಲವನ್ನು ನಾನು ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ. ಕುರ್ಚಿಯಲ್ಲಿ ಕೂರಿಸಿದ ಮೇಲೆ ತಾನೇ ಬಿಚ್ಚಿದಳು. ಚಕ್ಕುಲಿ ಇರಲಿಲ್ಲ. ಹಳೆಯ ಸೀರೆಯ ಬಟ್ಟೆಯಲ್ಲಿ ಹೊಲಿದ ಒಂದು ಪುಟ್ಟ ಕುಲಾವಿ ಇತ್ತು, ಕೂಸಿನ ಕಿವಿ ಮುಚ್ಚುವ ಟೋಪಿ. ಮಂಜುಳ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಸೂಜಿ ಪೋಣಿಸಿಟ್ಟರೆ, ಆ ದಾರ ಮುಗಿಯುವ ತನಕ ಬೆರಳಿನ ಅಂದಾಜಿನಲ್ಲೇ ಹೊಲಿದಳಂತೆ. ಕಸೆ ಮಾತ್ರ ಇನ್ನೂ ಹಚ್ಚಿರಲಿಲ್ಲ. ಸರೋಜ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು.

ಅಳಿಯ ಪ್ರವೀಣ ತನ್ನ ಆಫೀಸಿನ ಗೆಳೆಯರನ್ನು ಕರೆತಂದಿದ್ದ. ಅವರಿಗೆ ಮಗಳನ್ನು ತೋರಿಸುವ ಸಂಭ್ರಮದಲ್ಲಿ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡವನು ಅಂಗಿಯನ್ನು ನೋಡಿ ಜೋರಾಗಿ ನಕ್ಕ. "ಮಾವ, ಇದು ನೀವೇ ಹೊಲಿದಿದ್ದಂತೆ? ಪೂರ್ತಿ ಉಲ್ಟಾ ಹೊಲಿದಿದೀರಲ್ಲ! ಹೊಲಿಗೆ ಎಲ್ಲಾ ಆಚೆ ಇದೆ." ಗೆಳೆಯರೂ ನಕ್ಕರು. ಒಳ್ಳೆಯ ಹುಡುಗ, ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ನನ್ನೊಳಗಿನ ಮೇಷ್ಟ್ರು ಎದ್ದು ನಿಂತ. ಉಲ್ಟಾ ಯಾವುದು, ಸೀದಾ ಯಾವುದು, ಗಂಟು ಯಾಕಿಲ್ಲ, ಎಲ್ಲವನ್ನೂ ಅಲ್ಲಿಯೇ ಕ್ರಮವಾಗಿ ಬಿಡಿಸಿ ಹೇಳಬಹುದಿತ್ತು. ಅವನ ಮುಖ ನೋಡಿದೆ. ಅವನ ಗೆಳೆಯರ ಮುಖ ನೋಡಿದೆ. ಹೊಸದಾಗಿ ಅಪ್ಪನಾದವನು, ನಾಲ್ಕು ಜನರ ಮುಂದೆ ಖುಷಿಯಾಗಿ ನಿಂತಿದ್ದಾನೆ.

"ಹೌದೇನಪ್ಪಾ?" ಅಂದೆ. "ವಯಸ್ಸಾಯ್ತಲ್ಲ, ಕಣ್ಣು ಕಾಣಲ್ಲ ಬಿಡು."

ಎಲ್ಲರೂ ಇನ್ನೊಮ್ಮೆ ನಕ್ಕರು. ಅಡುಗೆಮನೆಯಲ್ಲಿ ತಟ್ಟೆ ಜೋಡಿಸುತ್ತಿದ್ದ ಸರೋಜಳ ಕೈಯ ಸದ್ದು ನಿಂತಿತು. ಮೂಲೆಯ ಕುರ್ಚಿಯಲ್ಲಿ ಗಂಗತ್ತೆ ನನ್ನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದ್ದಳು.

"ಮಗ, ಬಾರ್ಲಾ ಇಲ್ಲಿ" ಅಂದಳು. ಹತ್ತಿರ ಹೋದೆ. ಕೈ ಚಾಚಿ ನನ್ನ ಕೆನ್ನೆ ಹುಡುಕಿ, ಆ ಗಟ್ಟಿ ಬೆರಳಿನಿಂದ ಹಿಂಡಿದಳು. ಅರವತ್ತೆರಡು ವರ್ಷದ ಕೆನ್ನೆ, ನೊಂದಿತು. ಆಮೇಲೆ ಸರೋಜಳಿಂದ ಕುಲಾವಿಯನ್ನು ವಾಪಸ್ಸು ತರಿಸಿಕೊಂಡು, ಚೀಲದಿಂದ ಸೂಜಿ ದಾರ ತೆಗೆದು ನನ್ನ ಮುಂದೆ ಹಿಡಿದಳು.

"ಪೋಣಿಸ್ಕೊಡು. ಕಸೆ ಹಚ್ಚೋದೈತೆ."

ಅಷ್ಟು ಜನರ ನಡುವೆ ಅವಳ ಕಾಲ ಬಳಿ ನೆಲದ ಮೇಲೆ ಕೂತು, ಕನ್ನಡಕ ಏರಿಸಿಕೊಂಡು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯ ಕಣ್ಣಿಗೆ ಗುರಿ ಹಿಡಿದೆ. ಮೂರನೆಯ ಸಲಕ್ಕೆ ಹೋಯಿತು. ಗಂಟು ಹಾಕದೆ ಅವಳ ಕೈಗೆ ಕೊಟ್ಟೆ.